ಅರೆಪೂಜೆ ಬಂಡೆ

ಗಢವಾಲದ ಸುನೌಲಿ ಎಂಬ ಕೊನೆಯ ಹಳ್ಳಿಯಿಂದ ಮೇಲಕ್ಕೆ ಒಂದೂವರೆ ದಿನ ನಡೆದರೆ ಮರಗಳೆಲ್ಲ ಮುಗಿದು ಬರೀ ಕಲ್ಲು ಮತ್ತು ಹಿಮ ಉಳಿಯುತ್ತವೆ. ಅಲ್ಲಿ ದಾರಿಯ ಬಲಕ್ಕೆ ಒಂದು ಚಪ್ಪಟೆ ಬಂಡೆ ಇದೆ. ಹತ್ತು ಹನ್ನೆರಡು ಜನ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲ. ಹಿಂದೆ ಬೆಟ್ಟದ ಕಲ್ಲು ಮುಂದಕ್ಕೆ ಚಾಚಿಕೊಂಡು ತಲೆಯ ಮೇಲೆ ಸೂರಿನಂತೆ ನಿಂತಿದೆ. ಯಾತ್ರಿಕರು ಅದರಡಿಯಲ್ಲಿ ಮಲಗಿ ಬೆಳಗಿನ ಜಾವ ಏಳುತ್ತಾರೆ. ಬಂಡೆಯ ಮುಂದೆಯೇ ಹಿಮದ ಇಳಿಜಾರು. ಮೇಲೆ ನೆತ್ತಿಯಿಂದ ಇಳಿದು ಕೆಳಗೆ ಕಣ್ಣಿಗೆ ಕಾಣದ ಕಮರಿಗೆ ಹೋಗುತ್ತದೆ. ಅದನ್ನು ಅಡ್ಡಲಾಗಿ ದಾಟಿದರೆ ಮಾತ್ರ ಭೃಂಗೀಶ್ವರನ ಗುಡಿ, ಬೇರೆ ದಾರಿಯೇ ಇಲ್ಲ. ಸುಮಾರು ಆರುನೂರು ಹೆಜ್ಜೆ ಇರಬಹುದು. ನಾನು ಹದಿನಾಲ್ಕು ಸಲ ಎಣಿಸಿದ್ದೇನೆ, ಎರಡು ಸಲ ಒಂದೇ ಲೆಕ್ಕ ಬಂದದ್ದಿಲ್ಲ. ಹೆದರಿದವನ ಎಣಿಕೆ ಅಷ್ಟೇ. ಈ ಬಂಡೆಯ ಹೆಸರು ಅರೆಪೂಜೆ. ಕನ್ನಡದ ಒಂದಕ್ಷರ ಗೊತ್ತಿಲ್ಲದ ಅಲ್ಲಿನ ಕುರಿಗಾಹಿಗಳೂ ಅದನ್ನು ಹಾಗೆಂದೇ ಕರೆಯುತ್ತಾರೆ. ಹೆಸರು ಹೇಗೆ ಬಂತೆಂದು ಕೇಳಿದರೆ ಅವರು ನಮ್ಮ ಕಡೆ ಕೈ ತೋರಿಸುತ್ತಾರೆ.

ನಾನು ಮಾಳಗೊಂಡ ಮಠದ ಯಾತ್ರೆಯ ಹೊಣೆ ಹೊತ್ತವನು. ಪ್ರತಿವರ್ಷ ಇಪ್ಪತ್ತು ಇಪ್ಪತ್ತೈದು ಜನರನ್ನು ಕರೆದುಕೊಂಡು ಹೋಗಿ, ಕರೆದುಕೊಂಡು ಹೋದಷ್ಟೂ ಜನರನ್ನು ತಿರುಗಿ ತಂದು ಅವರವರ ಮನೆಯವರಿಗೆ ಒಪ್ಪಿಸುವುದು ನನ್ನ ಕೆಲಸ. ನನ್ನನ್ನು ಜನ ಸಿಡುಕ ಎನ್ನುತ್ತಾರೆ. ಎನ್ನಲಿ. ಆ ಇಳಿಜಾರಿನ ನಟ್ಟನಡುವೆ ನಿಂತು, ತಲೆಯ ಮೇಲೆ ಹಿಮ ನೇತಾಡುತ್ತಿರುವಾಗ, ಸೆರಗು ಸರಿಮಾಡಿಕೊಂಡು ಮೊಬೈಲಿಗೆ ನಗುವ ಮಹಾತಾಯಂದಿರನ್ನು ಕಂಡರೆ ನನ್ನ ಜೀವ ಬಾಯಿಗೆ ಬರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಎಲ್ಲರನ್ನೂ ಬಂಡೆಯ ಮೇಲೂ ಸುತ್ತಲೂ ಕೂರಿಸಿ ಈ ಕಥೆ ಹೇಳುತ್ತೇನೆ. ಮಠದಲ್ಲಿ ಹೇಳುವ ಕಥೆ ಒಂದಿದೆ, ಸುನೌಲಿಯಲ್ಲಿ ಹೇಳುವ ಕಥೆ ಇನ್ನೊಂದಿದೆ. ನಾನು ಸುನೌಲಿಯದನ್ನೇ ಹೇಳುತ್ತೇನೆ.

ಹಿಂದೆ ಒಮ್ಮೆ, ಯಾತ್ರೆಯೆಂದರೆ ಮನೆಯ ಹೊಸ್ತಿಲಿನಿಂದ ಗುಡಿಯ ಹೊಸ್ತಿಲಿನವರೆಗೂ ಕಾಲ್ನಡಿಗೆಯೇ ಆಗಿದ್ದ ಕಾಲದಲ್ಲಿ, ಮಾಳಗೊಂಡದಿಂದ ಹತ್ತು ಜನ ಭೃಂಗೀಶ್ವರನಿಗೆ ಹೊರಟರು. ಅವರಲ್ಲಿ ಹಿರಿಯರು ಮರುಳಯ್ಯನವರೆಂಬ ಜಂಗಮರು. ಎರಡು ಸಲ ಕಾಶಿ ನೋಡಿದವರು, ಆ ಕಡೆಯ ಭಾಷೆ ಬಲ್ಲವರು. ಅವರ ಲಿಂಗನಿಷ್ಠೆ ಸೀಮೆಗೇ ಹೆಸರಾಗಿತ್ತು. ಬೆಳಿಗ್ಗೆ ಎದ್ದು ಮೈತೊಳೆದು, ಕೊರಳ ಲಿಂಗವನ್ನು ಎಡದ ಅಂಗೈಯಲ್ಲಿ ಇಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಕದಲಿಸದೆ ನೋಡುತ್ತ ಜಪ ಮುಗಿಸಿ, ಆರತಿ ಬೆಳಗಿ, ಎಡೆ ಹಿಡಿದು, ಪಾದೋದಕ ಸೇವಿಸಿದ ಮೇಲೆಯೇ ಅವರ ದಿನ ಶುರುವಾಗಬೇಕು. ಅಲ್ಲಿಯವರೆಗೆ ಒಂದು ಗುಟುಕು ನೀರಿಲ್ಲ, ಒಂದು ಹೆಜ್ಜೆ ದಾರಿಯಿಲ್ಲ. ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆ ಯಾತ್ರೆಯಲ್ಲೇ ನರ್ಮದೆಯ ದಂಡೆಯಲ್ಲಿ ಇವರ ಪೂಜೆ ಮುಗಿಯುವವರೆಗೂ ಕಾಯಲಾರದೆ ದೋಣಿಯವನು ಬೈದುಕೊಂಡು ಹೊರಟುಹೋದನಂತೆ. ಇವರು ಪಾದೋದಕ ಕುಡಿದು ಕಣ್ಣೆತ್ತುವಾಗ ಆ ದೋಣಿ ನಡುಹೊಳೆಯಲ್ಲಿ ಮಗುಚಿಕೊಂಡಿತ್ತು. ಅಂದಿನಿಂದ ಹತ್ತೂ ಜನರಿಗೆ ಒಂದು ನಂಬಿಕೆ ಬೇರೂರಿತು. ಪೂಜೆಯಿಂದ ಆಗುವ ತಡ ದೇವರೇ ಮಾಡಿಸುವ ತಡ, ಅದರಿಂದ ಕೇಡಾಗುವುದಿಲ್ಲ ಎಂದು. ಹೊಳೆಯಲ್ಲಿ ನಿಜವಾದದ್ದು ಹಿಮದಲ್ಲೂ ನಿಜ ಎಂದುಕೊಂಡದ್ದೇ ಅವರ ತಪ್ಪು.

ಸುನೌಲಿಯಿಂದ ಅವರಿಗೆ ದಾರಿ ತೋರಿಸಲು ಬಂದವನು ಮಂಗತು ಎಂಬ ಕುರಿಗಾಹಿ. ಕುಳ್ಳ ಮನುಷ್ಯ, ಮಾತು ಕಡಿಮೆ, ಕೈಯಲ್ಲಿ ಕಬ್ಬಿಣದ ಮೊನೆಯ ಕೋಲು. ಆ ವರ್ಷ ಚಳಿ ತಡವಾಗಿ ಬಿಟ್ಟಿತ್ತು. ಅವರು ಬಂಡೆಯನ್ನು ತಲುಪಿದ ದಿನವೇ ಹಿಮ ಸುರಿಯತೊಡಗಿ, ಮೂರು ದಿನ ಗಾಳಿಯೊಡನೆ ಸುರಿದು, ನಾಲ್ಕನೆಯ ದಿನ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಯಿತು. ಎಲ್ಲರೂ ಹೊರಡಲು ಗಂಟುಮೂಟೆ ಕಟ್ಟಿದರು. ಮಂಗತು ಅಡ್ಡ ನಿಂತ. ಅವನು ಇಳಿಜಾರಿನ ಅಂಚಿಗೆ ಹೋಗಿ ಕೋಲನ್ನು ಬುಡಮೇಲಾಗಿ ಹಿಡಿದು ಮೆಲ್ಲಗೆ ಒತ್ತಿದ. ಕೋಲು ಒಂದು ಮೊಳ ಬಿಗಿಯಾಗಿ ಇಳಿಯಿತು, ಆಮೇಲೆ ತಟಕ್ಕನೆ ಪೊಳ್ಳಿಗೆ ಬಿದ್ದಂತೆ ಒಳಗೆ ಹೋಯಿತು, ಮತ್ತೆ ಗಟ್ಟಿ ತಳಕ್ಕೆ ತಾಗಿತು. ಅವನು ನೆತ್ತಿಯ ಕಡೆ ಕೈ ತೋರಿಸಿ, ಆ ಬದಿಯ ಹಿಮವನ್ನೆಲ್ಲ ಗಾಳಿ ಹೊತ್ತು ತಂದು ಈ ಬದಿಗೆ ಸುರಿದಿದೆ, ಹಳೆಯದರ ಮೇಲೆ ಹೊಸದು ಇನ್ನೂ ಅಂಟಿಲ್ಲ ಎಂದು ವಿವರಿಸಿದ. ಮರುಳಯ್ಯನವರು ಅದನ್ನು ಕನ್ನಡದಲ್ಲಿ ಹೇಳಿದರೂ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ತಂಡದಲ್ಲಿದ್ದ ಹೊಳೆವ್ವ ಎಂಬಾಕೆ, ಗಾಣದ ಮನೆಯವಳು, ಮಂಡಿಯೂರಿ ಕೂತು ಆ ತೂತನ್ನು ನೋಡಿದಳು.

"ಉಬ್ಬಿದ ರೊಟ್ಟಿಯಂಗೈತ್ರೀ ಅಯ್ಯಾರ," ಎಂದಳು ಮರುಳಯ್ಯನವರಿಗೆ. "ಮ್ಯಾಲಿನ ಪದರ ಬ್ಯಾರೆ, ತಳಾ ಬ್ಯಾರೆ. ನಡುವ ಬರೇ ಗಾಳಿ."

ಮಂಗತು ಹೇಳಿದ್ದರ ತಾತ್ಪರ್ಯ ಇಷ್ಟು: ಒಂದು ದಿನ ಬಿಡಬೇಕು. ಆಮೇಲೂ ದಾಟುವುದಾದರೆ ರಾತ್ರಿಯ ಚಳಿಗೆ ಮೇಲ್ಪದರ ಕಲ್ಲಾಗಿರುವಾಗ, ಬೆಳಕು ಹರಿಯುತ್ತಿದ್ದಂತೆ, ಒಬ್ಬೊಬ್ಬರಾಗಿ ದಾಟಬೇಕು. ನೆತ್ತಿಗೆ ಬಿಸಿಲು ಮುಟ್ಟಿತೆಂದರೆ ಮುಗಿಯಿತು, ಆ ದಿನ ಯಾರೂ ಕಾಲಿಡಬಾರದು. ಮರುಳಯ್ಯನವರು ತಲೆಯಾಡಿಸಿದರು. ಒಪ್ಪಿದ್ದು ನಿಜ. ಆದರೆ ಮರುದಿನ ಬೆಳಗಾಗುವಾಗ ಹತ್ತು ಜನ ಮೈತೊಳೆಯಬೇಕಲ್ಲ, ನೀರೆಲ್ಲಿ? ಹಿಮ ಕರಗಿಸಬೇಕು, ರಾತ್ರಿಯೇ ಕರಗಿಸಿಟ್ಟರೆ ಬೆಳಗಾಗುವಾಗ ಮತ್ತೆ ಗಡ್ಡೆಯಾಗಿರುತ್ತದೆ. ಪಾತ್ರೆ ಒಂದೇ, ಕಟ್ಟಿಗೆ ಹಸಿ. ಒಂದು ಪಾತ್ರೆ ತುಂಬ ಹಿಮ ಹಾಕಿದರೆ ಅಂಗೈಯಷ್ಟು ನೀರಾಗುತ್ತದೆ. ಹತ್ತನೆಯವನ ಪೂಜೆ ಮುಗಿಯುವಾಗ ನೆತ್ತಿ ಚಿನ್ನದ ಬಣ್ಣಕ್ಕೆ ತಿರುಗಿತ್ತು. ಮಂಗತು ಕೋಲನ್ನು ಬಂಡೆಗೆ ಒರಗಿಸಿ ಕೂತ. ಮಧ್ಯಾಹ್ನ ಆ ಇಳಿಜಾರಿನ ಒಂದು ತುಂಡು ತಾನಾಗಿಯೇ ಕಳಚಿ, ಸದ್ದು ಮಾಡುತ್ತ ಕಮರಿಗೆ ಬಿತ್ತು. ಎಲ್ಲರೂ ನೋಡಿದರು. ಮರುದಿನ ಇನ್ನೂ ಬೇಗ ಎದ್ದರು, ಆಗಲೂ ಎಂಟನೆಯವರ ಪೂಜೆಗೇ ಬಿಸಿಲು ಬಂತು.

ಇಷ್ಟರಲ್ಲಿ ಇನ್ನೊಂದು ಸಂಕಟ ಗಟ್ಟಿಯಾಗಿತ್ತು. ಹೊಳೆವ್ವನ ಅಣ್ಣ ಬಾಳಪ್ಪ ಉಸಿರಾಡಲು ಕಷ್ಟಪಡುತ್ತಿದ್ದ. ಕೂತರೆ ಸರಿ, ಮಲಗಿದರೆ ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು, ತುಟಿ ನೀಲಿಯಾಗಿತ್ತು. ಇಳಿಜಾರಿನ ಆಚೆ ದಾರಿ ಕೆಳಕ್ಕೆ ಇಳಿಯುತ್ತದೆ, ಒಂದು ಹರದಾರಿ ಹೋದರೆ ಬೆಚ್ಚಗಿನ ಧರ್ಮಶಾಲೆ ಇದೆ. ಹಿಂದಕ್ಕೆ ಹೋಗೋಣವೆಂದರೆ ಸುನೌಲಿಯ ದಾರಿಯಲ್ಲಿ ಸೊಂಟದುದ್ದ ಹಿಮ. ಹುರಿಹಿಟ್ಟು ಇನ್ನೊಂದು ದಿನಕ್ಕಾಗುವಷ್ಟು ಮಾತ್ರ ಉಳಿದಿತ್ತು. ಕೂತರೆ ಬಾಳಪ್ಪ ಉಳಿಯುವುದಿಲ್ಲ, ತಡವಾಗಿ ಹೊರಟರೆ ಯಾರೂ ಉಳಿಯುವುದಿಲ್ಲ. ಹೊಳೆವ್ವ ಆ ಎರಡನೆಯ ಸಂಜೆ ಮರುಳಯ್ಯನವರ ಮುಂದೆ ಬಂದು ಕೂತಳು.

"ಅಯ್ಯಾರ, ನಾಳೆ ನಾವು ವಿಭೂತಿ ಹಚ್ಕೋತೀವಿ, ಅದ ಜಳಕ ಅಂತ ತಿಳ್ಕೋತೀವಿ. ಲಿಂಗಕ್ಕ ಎರಡು ಹನಿ ನೀರು, ವಿಭೂತಿ, ಪತ್ರಿ ಇಲ್ಲೇ ಆಗ್ಲಿ. ಆರತಿ, ಎಡಿ, ಪಾದೋದಕ ಆಚೀ ದಂಡಿಗೆ ಹೋಗಿ ಮಾಡೂಣು. ನಡುವ ಲಿಂಗ ಕೈಯಾಗ ಇರ್ತೈತಿ. ಕೆಳಗ ಇಡೂದಿಲ್ಲ, ಬಾಯಿ ಬಿಡೂದಿಲ್ಲ."

"ಅರ್ಧಾ ಪೂಜಿ ಬಿಟ್ಟು ಹೆಜ್ಜಿ ಹಾಕೂದು ಯಾವ ಶಾಸ್ತ್ರದಾಗ ಐತಿ ಹೊಳೆವ್ವ?"

"ಬಿಡೂದಿಲ್ಲರಿ, ಹೊತ್ಕೊಂಡು ಹೋಗ್ತೀವಿ. ನಮ್ಮಣ್ಣಗ ನಾಳಿಗಿ ಹೊತ್ತು ಏರೂತನಕ ಕಾಯಾಕ ಆಗೂದಿಲ್ಲ. ನೀವ ಹೇಳ್ರಿ, ಅವನ್ನ ಏನ ಮಾಡ್ಲಿ?"

ಮರುಳಯ್ಯನವರು ಎದ್ದು ಹೋಗಿ ಬಾಳಪ್ಪನ ನೀಲಿ ತುಟಿ ನೋಡಿ ಬಂದು ಕೂತರು. ಕೊನೆಗೆ, "ರೋಗಿಷ್ಟರಿಗೆ, ಅವರ ಸಂಗಡ ಹೋಗೋರಿಗೆ ನಾ ಬ್ಯಾಡ ಅನ್ನೂದಿಲ್ಲ. ನೀವೆಲ್ಲಾ ಹಂಗ ಮಾಡ್ರಿ. ನನ್ನ ಜಳಕಕ್ಕ ಮಾತ್ರ ನೀರಿಡ್ರಿ," ಎಂದರು. ಅವರು ಕೆಟ್ಟವರಲ್ಲ. ಇದನ್ನು ನಾನು ಪ್ರತಿ ಸಲವೂ ಒತ್ತಿ ಹೇಳುತ್ತೇನೆ. ಒಂಬತ್ತು ಜನರಿಗೆ ಸಡಿಲು ಕೊಟ್ಟು ತನಗೊಬ್ಬನಿಗೇ ಕೊಟ್ಟುಕೊಳ್ಳದ ಮನುಷ್ಯ ಕೆಟ್ಟವನು ಹೇಗಾದಾನು? ನನಗೆ ಅವರ ಮೇಲೆ ಸಿಟ್ಟಿದೆ, ಅದು ಬೇರೆ ಮಾತು.

ಮರುದಿನ ಬೆಳಕು ಬಿಡುವಾಗಲೇ ಒಂಬತ್ತು ಜನ ಬಂಡೆಯ ಮೇಲೆ ಕೂತು ಎರಡು ಹನಿ ನೀರು, ವಿಭೂತಿ, ಒಣಗಿದ ಪತ್ರೆ ಮುಗಿಸಿದರು. ಮಂಗತು ಒಬ್ಬೊಬ್ಬರ ಬೆನ್ನಿನ ಗಂಟನ್ನು ಸಡಿಲಿಸಿದ, ಹಿಮ ಎಳೆದರೆ ಕಳಚಿ ಬೀಳಲಿ ಎಂದು. ಒಬ್ಬರು ಆಚೆ ಮುಟ್ಟುವವರೆಗೆ ಇನ್ನೊಬ್ಬರನ್ನು ಬಿಡಲಿಲ್ಲ. ಎಡಗೈ ಎದೆಯ ಮುಂದೆ, ಅದರಲ್ಲಿ ಲಿಂಗ, ಬಲಗೈಯಲ್ಲಿ ಕೋಲು. ಹೊಳೆವ್ವ ಹೊರಡುವವರಿಗೆಲ್ಲ ಕಣ್ಸನ್ನೆಯಲ್ಲೇ ಕಾಲು ತೋರಿಸಿದಳು: ಕೈ ನೋಡಬೇಡಿ, ಹೆಜ್ಜೆ ನೋಡಿ. ಬಾಳಪ್ಪನನ್ನು ಮಂಗತುವೇ ಬೆನ್ನಿಗೆ ಕಟ್ಟಿಕೊಂಡು ದಾಟಿಸಿ, ತಾನು ಹಿಂದಿರುಗಿ ಬಂದು ಉಳಿದವರನ್ನು ಕಳುಹಿಸಿದ. ಹಿಮ ಕಲ್ಲಿನಂತೆ ಗಟ್ಟಿಯಾಗಿತ್ತು. ಕೊನೆಗೆ ಹೊಳೆವ್ವ ದಾಟಿದಳು. ಅವಳ ಹಿಂದೆಯೇ ಮಂಗತುವೂ ದಾಟಿ ಬಂದು, ಬಾಳಪ್ಪನ ಮೈಮೇಲೆ ತನ್ನ ಕಂಬಳಿ ಹೊದಿಸಿದ. ಆಚೆ ನಿಂತವರು ಯಾರೂ ಆರತಿ ಮಾಡಲಿಲ್ಲ; ಗುರು ಬಂದು ಪಾದೋದಕ ಕೊಡದೆ ಶಿಷ್ಯರ ಪೂಜೆ ಮುಗಿಯುವುದು ಹೇಗೆ? ಅಂಗೈಯಲ್ಲಿ ಲಿಂಗ ಹಿಡಿದು ಈಚೆಯ ಬಂಡೆಯನ್ನೇ ನೋಡುತ್ತ ನಿಂತರು. ಮರುಳಯ್ಯನವರ ನೀರು ಆಗತಾನೆ ಕರಗಿತ್ತು. ಅವರು ಮೈತೊಳೆದು ಕೂತರು.

ಮಂಗತು ನೆತ್ತಿಯನ್ನು ನೋಡಿದ, ಬಂಡೆಯನ್ನು ನೋಡಿದ. ಅವನು ಹಿಂದಕ್ಕೆ ಹೋಗಬೇಕಾದ ಅಗತ್ಯವಿರಲಿಲ್ಲ. ಸ್ವಾಮಿಗಳು ತಡ ಮಾಡಿಕೊಂಡರೆ ಮರುದಿನ ದಾಟಿಸಿದರಾಯಿತು ಎಂದು ನಾವು ಹೇಳಬಹುದು. ಆದರೆ ಅವರು ಪೂಜೆ ಮುಗಿಸಿದ ಮೇಲೆ ಬಿಸಿಲಿನಲ್ಲೇ ಹೊರಟುಬಿಡುತ್ತಾರೆ, ಅವರನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ ಎಂದು ಅವನಿಗೆ ಗೊತ್ತಿತ್ತು ಎನ್ನುತ್ತಾರೆ. ಅವನು ತಿರುಗಿ ಹೋದ. ಬಂಡೆಯ ಬಳಿ ಹೋಗಿ, ಜಪದಲ್ಲಿದ್ದ ಮುದುಕರನ್ನು ಮುಟ್ಟಲಿಲ್ಲ, ಕೂಗಲಿಲ್ಲ. ಪೂಜೆಗೆ ಕೂತವರನ್ನು ಮುಟ್ಟಬಾರದೆಂದು ಇಷ್ಟು ದಿನ ನೋಡಿ ಕಲಿತಿದ್ದ. ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಕಾದ. ಆಚೆಯಿಂದ ನೋಡುತ್ತಿದ್ದವರಿಗೆ ಆ ಎರಡು ಆಕೃತಿಗಳು ಕಾಣುತ್ತಿದ್ದವು, ಒಂದು ಕಣ್ಣು ಕದಲಿಸದೆ ಅಂಗೈಯನ್ನು ನೋಡುತ್ತಿತ್ತು, ಇನ್ನೊಂದು ಕತ್ತೆತ್ತಿ ನೆತ್ತಿಯನ್ನು ನೋಡುತ್ತಿತ್ತು. ಬಾಯಿ ಬಿಡಬಾರದೆಂಬ ವ್ರತ ಮರೆತು ಹೊಳೆವ್ವ, "ಅಯ್ಯಾರ, ಏಳ್ರೀ!" ಎಂದು ಕಿರುಚಿದಳು. ಅಷ್ಟು ದೂರಕ್ಕೆ ಅದು ಕೇಳಿಸಲಿಲ್ಲ. ನೆತ್ತಿಯ ಅಂಚಿನಲ್ಲಿ ಬಿಸಿಲಿನ ಗೆರೆ ಮೂಡಿತು.

ಜಪ ಒಂದು ಸುತ್ತು ಮುಗಿದಾಗ ಮರುಳಯ್ಯನವರು ಕಣ್ಣೆತ್ತಿದರು. ಎದುರಿಗೆ ಕೂತವನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಆರತಿಯಿಲ್ಲದೆ, ಎಡೆಯಿಲ್ಲದೆ, ಲಿಂಗವನ್ನು ಅಂಗೈಯಲ್ಲೇ ಹಿಡಿದು ಎದ್ದುಬಿಟ್ಟರು. ಎದ್ದದ್ದು ದೊಡ್ಡದು, ಆದರೆ ತಡವಾಗಿತ್ತು. ಮಂಗತು ಒಮ್ಮೆ ಬೇಡವೆಂದು ಕೈಯಾಡಿಸಿದ, ಅವರು ಆಗಲೇ ಇಳಿಜಾರಿಗೆ ಕಾಲಿಟ್ಟಿದ್ದರು. ಅವನು ಅಂಚಿನಲ್ಲೇ ನಿಂತು ಅವರನ್ನು ಒಬ್ಬರನ್ನೇ ಹೋಗಲು ಬಿಟ್ಟ. ನೂರು ಹೆಜ್ಜೆ ಸರಿಯಾಗಿ ಹೋದರು. ಆಮೇಲೆ ದಾರಿ ತಪ್ಪಿತು. ಒಂಬತ್ತು ಜನ ತುಳಿದ ಹೆಜ್ಜೆಗಳನ್ನು ಬಿಟ್ಟು ಅವರು ಮೆಲ್ಲಮೆಲ್ಲಗೆ ಮೇಲಕ್ಕೆ, ಗಾಳಿ ಹೊಸ ಹಿಮ ತುಂಬಿದ್ದ ಕಡೆಗೆ ಏರತೊಡಗಿದರು. ಕಣ್ಣು ಕೈಯ ಮೇಲಿತ್ತು. ಲಿಂಗದಿಂದ ದೃಷ್ಟಿ ತೆಗೆಯಬಾರದೆಂಬ ಅಭ್ಯಾಸವನ್ನು ಕಾಲು ಕೇಳುತ್ತದೆಯೇ? ನೆತ್ತಿಯಿಂದ ನಿಂಬೆಹಣ್ಣಿನಷ್ಟು ಹಿಮದುಂಡೆಗಳು ಒಂದೊಂದಾಗಿ ಉರುಳಿ ಬರತೊಡಗಿದ್ದವು. ಅವನ್ನು ಕಂಡ ಮಂಗತು ಇನ್ನು ತಡೆಯಲಾರದೆ ಇಳಿಜಾರಿಗೆ ಓಡಿ, ಅವರನ್ನು ತಲುಪಿ, ಹೆಗಲು ಹಿಡಿದು ಕೆಳಕ್ಕೆ ತಿರುಗಿಸಿದ. ಆಗ ನೆಲದಡಿಯ ಕಾಳಿನ ಹಗೇವು ಒಳಗೆ ಕುಸಿದಂಥ ಒಂದು ಸದ್ದಾಯಿತು. ಆಚೆ ನಿಂತವರ ಕಾಲಡಿಗೂ ಅದು ತಿಳಿಯಿತು. ಅವರಿಬ್ಬರ ಮೇಲುಗಡೆ ಹಿಮದಲ್ಲಿ ಒಂದು ಗೆರೆ ಓಡಿತು, ಗೆರೆಯ ಕೆಳಗಿನದೆಲ್ಲ ಒಟ್ಟಿಗೆ ಜರಿಯಿತು.

ಹಿಮದ ಧೂಳು ಅಡಗಿದಾಗ ಇಳಿಜಾರಿನ ಮೇಲೆ ಯಾರೂ ಇರಲಿಲ್ಲ. ಹೊಳೆವ್ವ ಅಳಲಿಲ್ಲ, ಇಬ್ಬರನ್ನೂ ಕೊನೆಗೆ ಕಂಡ ಜಾಗದಿಂದ ನೇರ ಕೆಳಕ್ಕೆ ಕಣ್ಣು ಹಾಯಿಸಿದಳು. ಬಾಳಪ್ಪನನ್ನು ನೆತ್ತಿ ನೋಡುತ್ತ ಕೂರಿಸಿ, ಮತ್ತೇನಾದರೂ ಕದಲಿದರೆ ತಟ್ಟೆ ಬಡಿಯಲು ಹೇಳಿ, ಉಳಿದವರನ್ನು ಕರೆದುಕೊಂಡು ಇಳಿದಳು. ಕೆಳಗೆ ಕಮರಿಯಂಚಿನ ತಗ್ಗಿನಲ್ಲಿ ಹೆಂಟೆಹೆಂಟೆಯಾಗಿ ತಡೆದು ನಿಂತಿದ್ದ ಹಿಮದ ನಡುವೆ ಕಾವಿ ಬಟ್ಟೆಯ ತುದಿ ಕಂಡಿತು. ತಂಬಿಗೆಯಿಂದ, ತಟ್ಟೆಯಿಂದ, ಉಗುರಿನಿಂದ ಅಗೆದರು. ಅರ್ಧ ಜನ ಅಲ್ಲೇ ಸುತ್ತ ಕೋಲು ಚುಚ್ಚುತ್ತ ಮಂಗತುವನ್ನು ಹುಡುಕಿದರು. ಮರುಳಯ್ಯನವರು ಮೊಳಕಾಲು ಮಡಚಿ ಬಿದ್ದಿದ್ದರು. ಎಡದ ಅಂಗೈ ಮುಖದ ಮುಂದೆ ಹಾಗೆಯೇ ಇತ್ತು. ಆ ಕೈ ತಡೆದ ಬೊಗಸೆಯಷ್ಟು ಜಾಗದಲ್ಲಿ ಗಾಳಿ ಉಳಿದಿತ್ತು, ಅದರಿಂದ ಜೀವ ಉಳಿದಿತ್ತು. ಅವರ ಉಸಿರಿಗೆ ಹಿಮ ಕರಗಿ ಲಿಂಗದ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀರು ಬೇಕಂತಿದ್ರಲ್ಲರೀ," ಎಂದಳು ಹೊಳೆವ್ವ, ಆಗ ಅಳು ಒಡೆದು ಬಂತು. "ಅಗೋ, ನೀರು."

ಮರುಳಯ್ಯನವರು ಅದನ್ನು ಕುಡಿಯಲಿಲ್ಲ. "ಅವ ಎಲ್ಲಿ?" ಎಂದರು. ಮಧ್ಯಾಹ್ನದವರೆಗೆ ಅಗೆದರು, ಮಂಗತು ಸಿಗಲಿಲ್ಲ.

ಬಾಳಪ್ಪ ಧರ್ಮಶಾಲೆಯಲ್ಲಿ ಚೇತರಿಸಿಕೊಂಡ. ಉಳಿದವರು ಭೃಂಗೀಶ್ವರನನ್ನು ಕಂಡು ಬಂದರು. ಮರುಳಯ್ಯನವರು ಗುಡಿಗೆ ಹೋಗಲಿಲ್ಲ. ದಾರಿ ತೆರೆದ ಮೇಲೆ ಸುನೌಲಿಗೆ ಹೋಗಿ ಮಂಗತುವಿನ ಮನೆಯ ಅಂಗಳದಲ್ಲಿ ನಿಂತು, ಆದದ್ದನ್ನೆಲ್ಲ ಅವನ ಹೆಂಡತಿಗೆ ಅವಳ ಭಾಷೆಯಲ್ಲೇ ಹೇಳಿದರು. ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದಳಂತೆ: "ಅವನು ನಿಮ್ಮ ಮುಂದೆ ಎಷ್ಟು ಹೊತ್ತು ಕೂತಿದ್ದ?" ಮರುಳಯ್ಯನವರು ಸುಳ್ಳು ಹೇಳದೆ, "ನೂರೆಂಟು ಜಪ ಮುಗಿಯುವಷ್ಟು," ಎಂದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುಳಯ್ಯನವರು ಊರಿಗೆ ಮರಳಲಿಲ್ಲ. ಆಷಾಢದಲ್ಲಿ ಹಿಮ ಕರಗಿದಾಗ ಮಂಗತುವಿನ ದೇಹ ಸಿಕ್ಕಿತು. ಅವರೂ ಒಂದು ಹೆಗಲು ಕೊಟ್ಟರು. ಅಲ್ಲಿಯವರೆಗೂ ಅವರು ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಅಷ್ಟಕ್ಕೇ ಲಿಂಗವನ್ನು ಕರಡಿಗೆಗೆ ಸೇರಿಸಿಬಿಡುತ್ತಿದ್ದರು. ಆರತಿಯಿಲ್ಲ, ಪಾದೋದಕವಿಲ್ಲ. ದೇಹ ಸಿಕ್ಕ ಮೇಲೆ ಇನ್ನಾದರೂ ಪೂಜೆ ಪೂರ್ತಿ ಮಾಡಿರೆಂದು ಮಾಳಗೊಂಡದಿಂದ ಬಂದವರು ಕಾಲಿಗೆ ಬಿದ್ದು ಕೇಳಿಕೊಂಡರು. "ಉಳಿದದ್ದು ಅವ ದಾಟಿದ ಮ್ಯಾಲ," ಎಂದರು ಅವರು, "ಹೊತ್ತು ತಂದದ್ದು ದಾಟಿದಂಗ ಅಲ್ಲ." ಬೇಸಿಗೆ ಬಂತೆಂದರೆ ಬಂಡೆಯ ಬಳಿ ಇದ್ದು, ಬಂದ ಯಾತ್ರಿಕರನ್ನೆಲ್ಲ ಬೆಳಕು ಹರಿಯುವ ಮೊದಲೇ ಎಬ್ಬಿಸಿ, ಅರ್ಧ ಪೂಜೆಗೆ ಏಳಿಸಿ, ಒಬ್ಬೊಬ್ಬರನ್ನಾಗಿ ದಾಟಿಸುತ್ತಿದ್ದರು. ಒಪ್ಪದವರನ್ನು ಬೈಯುತ್ತಿದ್ದರು ಎಂದೂ ಹೇಳುತ್ತಾರೆ. ಒಂಬತ್ತು ವರ್ಷ ಹೀಗೆ ಬದುಕಿ, ಅರೆಪೂಜೆಯಲ್ಲೇ ಲಿಂಗೈಕ್ಯರಾದರು. ಮಠದಲ್ಲಿ ಹೇಳುವ ಕಥೆಯಲ್ಲಿ ಮಂಗತು ಶಿವನ ಗಣವಾಗಿದ್ದ, ಸ್ವಾಮಿಗಳ ನಿಷ್ಠೆ ಪರೀಕ್ಷಿಸಲು ಬಂದು ಮಾಯವಾದ ಎಂದಿದೆ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಗಣಕ್ಕೆ ಹೆಂಡತಿ ಇರುತ್ತಾಳೆಯೇ? ಅವಳು ಬಾಗಿಲು ಹಾಕಿಕೊಳ್ಳುತ್ತಾಳೆಯೇ?

ಇಂದಿಗೂ ಅಲ್ಲಿಗೆ ಹೋದವರು ನೋಡಬಹುದು. ಬಂಡೆಯ ಮೇಲೆ ವಿಭೂತಿಯ ಕಲೆ, ಒಣಗಿದ ಪತ್ರೆ. ಎಣ್ಣೆಯ ಜಿಡ್ಡಾಗಲಿ ದೀಪದ ಮಸಿಯಾಗಲಿ ಎಲ್ಲೂ ಇಲ್ಲ. ದಾರಿ ತೋರಿಸುವ ಸುನೌಲಿಯವನು ಎಲ್ಲರನ್ನೂ ಒಬ್ಬೊಬ್ಬರಾಗಿ ಬಿಟ್ಟು ತಾನು ಕೊನೆಗೆ ದಾಟುತ್ತಾನೆ. ಅವನು ಬಂದು ಮುಟ್ಟುವವರೆಗೆ ಆಚೆ ದಂಡೆಯಲ್ಲಿ ಯಾರೂ ಆರತಿ ಮಾಡುವಂತಿಲ್ಲ, ಒಂದು ಹನಿ ನೀರು ಕುಡಿಯುವಂತಿಲ್ಲ, ಎಂಥ ದೊಡ್ಡ ಸ್ವಾಮಿಗಳಾದರೂ ಅಷ್ಟೇ. ಹೋದ ವರ್ಷ ನಮ್ಮವರು ಇಪ್ಪತ್ತಮೂರು ಜನ ಆಚೆ ಸಾಲಾಗಿ ನಿಂತಿದ್ದರು. ನೆತ್ತಿ ಬೆಳ್ಳಗಾಗುತ್ತಿತ್ತು, ಅವನಿನ್ನೂ ನಡುವಿನಲ್ಲಿದ್ದ. ನಾನು ಸಾಲಿನುದ್ದಕ್ಕೂ ನೋಡಿದೆ. ಎಲ್ಲರ ಅಂಗೈಯಲ್ಲೂ ಲಿಂಗವಿತ್ತು. ಒಬ್ಬರೂ ಅದನ್ನು ನೋಡುತ್ತಿರಲಿಲ್ಲ, ಎಲ್ಲರೂ ಅವನನ್ನೇ ನೋಡುತ್ತಿದ್ದರು.